ಎರಡು ಹಳೆಯ ಪ್ರೊಜೆಕ್ಟರ್, ಒಂದು ಆಳದ ಚಿತ್ರ: ಮನೆಯಲ್ಲೇ ಸ್ಟೀರಿಯೊ ಸ್ಲೈಡ್ ಪ್ರದರ್ಶನಕ್ಕೆ ಯಶಸ್ಸಿನ ಸೂತ್ರಗಳು

ಮೂಗಿನ ಮುಂದೆ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಎಡಗಣ್ಣು ಕಂಡದ್ದು ಬೇರೆ, ಬಲಗಣ್ಣು ಕಂಡದ್ದು ಬೇರೆ. ಈ ಎರಡನ್ನೂ ಕೂಡಿಸಿ ಮಿದುಳು ಆಳ ಕಟ್ಟಿಕೊಳ್ಳುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ ಇಂಗ್ಲೆಂಡಿನಲ್ಲಿ ಕನ್ನಡಿಗಳ ಒಂದು ಸಾಧನ ಇಟ್ಟುಕೊಂಡು ವಿವರಿಸಿದ್ದು 1838ರಲ್ಲಿ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದೇ ಅದರ ಮರುವರ್ಷ. ಅವರು ತೋರಿಸಿದ್ದು ರೇಖಾಚಿತ್ರಗಳ ಜೋಡಿಯನ್ನು. ಆ ಮೇಲೆ ಪೆಟ್ಟಿಗೆಯಲ್ಲಿ ಇಣುಕಿ ನೋಡುವ ಸ್ಟೀರಿಯೊಸ್ಕೋಪ್ ಮನೆಮನೆಗೆ ಬಂತು. 1947ರಲ್ಲಿ ಅಮೆರಿಕದ ಮಿಲ್ವಾಕಿಯಿಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾ ಬಂತು, ಅದರ ಬೆನ್ನಿಗೆ ಎರಡು ಲೆನ್ಸಿನ ಪ್ರೊಜೆಕ್ಟರುಗಳೂ ಬಂದವು. ಅಂಥ ಪ್ರೊಜೆಕ್ಟರ್ ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಸಾಮಾನ್ಯ ಸ್ಲೈಡ್ ಪ್ರೊಜೆಕ್ಟರ್ ಎರಡಿದ್ದರೆ ಅದೇ ಕೆಲಸ ಆಗುತ್ತದೆ. ರಿಯಲಿಸ್ಟ್ ಚೌಕಟ್ಟು ಫಿಲ್ಮಿನ ಐದು ರಂಧ್ರಗಳಷ್ಟೇ ಅಗಲ, ನಮ್ಮದು ಎಂಟು ರಂಧ್ರಗಳ ಪೂರ್ತಿ ಚೌಕಟ್ಟು. ಹಾಗಾಗಿ ಚಿತ್ರ ಇನ್ನೂ ವಿಶಾಲವಾಗಿಯೇ ಬರುತ್ತದೆ.

ನಾನು ಇದನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ್ದೇನೆ. ಮೊದಲ ಪ್ರದರ್ಶನದ ಹತ್ತನೇ ಸ್ಲೈಡಿಗೆ ಮನೆಯ ಹಿರಿಯರೊಬ್ಬರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಅಂದಿನಿಂದ ನನ್ನ ಲೆಕ್ಕವೆಲ್ಲ ಒಂದೇ: ನೋಡುವವರ ಕಣ್ಣಿಗೆ ಬೀಳುವ ಶ್ರಮವನ್ನು ಎಲ್ಲೆಲ್ಲಿ ಕಡಿಮೆ ಮಾಡಬಹುದು? ಕೆಳಗಿನ ಸೂತ್ರಗಳೆಲ್ಲ ಆ ಪ್ರಶ್ನೆಯಿಂದ ಹುಟ್ಟಿದವು.

1. ಒಂದೇ ಮಾದರಿಯ ಜೋಡಿ ಸಿಗುವವರೆಗೆ ಕಾಯಿರಿ.

ಬೇರೆ ಬೇರೆ ಮಾದರಿಯ ಎರಡು ಪ್ರೊಜೆಕ್ಟರ್ ಅಗ್ಗಕ್ಕೆ ಸಿಕ್ಕವೆಂದು ತರಬೇಡಿ. ಬೆಳಕಿನ ಬಣ್ಣ, ಸ್ಲೈಡ್ ಬೀಳುವ ವೇಗ, ಸ್ಲೈಡ್ ಕೂರುವ ಗೇಟಿನ ಅಳತೆ, ಯಾವುದೂ ಹೊಂದುವುದಿಲ್ಲ. ಕೊಡಾಕ್ ತನ್ನ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆ ನಿಲ್ಲಿಸಿದ್ದು 2004ರಲ್ಲಿ. ಅದಕ್ಕೂ ಮುಂಚೆ ಪಾಠಕ್ಕೆಂದು ಕಾಲೇಜುಗಳು ಕೊಂಡಿದ್ದ ಎಷ್ಟೋ ಯಂತ್ರಗಳು ಈಗ ಗುಜರಿಗೆ ಬರುತ್ತಿವೆ. ಬೆಂಗಳೂರಿನವರು ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಯನ್ನೂ ಒಂದು ಸುತ್ತು ಹಾಕಬಹುದು. ಅಮೆರಿಕದಿಂದ ಬಂದ ಯಂತ್ರವಾದರೆ ಹಿಂದಿನ ಫಲಕ ಓದಿ. 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರ ಚುಚ್ಚುವಂತಿಲ್ಲ, ಟ್ರಾನ್ಸ್‌ಫಾರ್ಮರ್ ಬೇಕು. ಹಾಗಿದ್ದರೂ 60 ಹರ್ಟ್ಸ್‌ಗೆ ಮಾಡಿದ ಫ್ಯಾನ್ ನಮ್ಮ 50 ಹರ್ಟ್ಸ್‌ನಲ್ಲಿ ನಿಧಾನಕ್ಕೆ ತಿರುಗುತ್ತದೆ, ತಂಪು ಸಾಲದೆ ಬರುತ್ತದೆ. ಅಂಥದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಉದ್ದ ಟ್ರೇ ಪಕ್ಕದಲ್ಲಿ ಓಡುವ ಮಾದರಿ ನಮ್ಮ ಕೆಲಸಕ್ಕೆ ಅನುಕೂಲ. ದುಂಡು ಟ್ರೇ ತಲೆಯ ಮೇಲೆ ಕೂರುವ ಮಾದರಿಯಲ್ಲಿ ಒಂದರ ಮೇಲೊಂದು ಇಡಲು ಎತ್ತರದ ಅಟ್ಟ ಬೇಕಾಗುತ್ತದೆ.

2. ಲೆನ್ಸಿನ ಮೇಲೆ ಬರೆದದ್ದನ್ನು ನಂಬದೆ ಅಳೆದು ನೋಡಿ.

ಎರಡರ ಮೇಲೂ 85 ಮಿ.ಮೀ. ಎಂದೇ ಬರೆದಿರುತ್ತದೆ. ಒಂದರ ಸಂಗಮದೂರ ಇನ್ನೊಂದಕ್ಕಿಂತ ಶೇ. 1ರಷ್ಟು ಹೆಚ್ಚಿದ್ದರೂ 1.7 ಮೀಟರ್ ಅಗಲದ ಚಿತ್ರದಲ್ಲಿ 17 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಒಂದೇ ಸ್ಲೈಡನ್ನು ಎರಡರಲ್ಲೂ ಹಾಕಿ, ಒಂದೇ ದೂರದಿಂದ ಬೆಳಗಿಸಿ, ಚಿತ್ರದ ಅಗಲವನ್ನು ಟೇಪಿನಿಂದ ಅಳೆಯಿರಿ. ಸಣ್ಣ ವ್ಯತ್ಯಾಸವಾದರೆ ದೊಡ್ಡ ಚಿತ್ರ ಬೀಳಿಸುವ ಪ್ರೊಜೆಕ್ಟರನ್ನು ಪರದೆಯ ಕಡೆ ಸರಿಸಿದರೆ ಸಾಕು. ನಾಲ್ಕು ಮೀಟರ್ ದೂರಕ್ಕೆ ಶೇ. 1 ಅಂದರೆ 4 ಸೆಂ.ಮೀ. ಅಷ್ಟೇ. ಜೂಮ್ ಲೆನ್ಸ್ ಇದ್ದರೆ ಗಾತ್ರ ಹೊಂದಿಸುವುದು ಇನ್ನೂ ಸುಲಭ, ಆದರೆ ಹೊಂದಿಸಿದ ಮೇಲೆ ಉಂಗುರಕ್ಕೆ ಟೇಪು ಸುತ್ತಿ ಭದ್ರಪಡಿಸಿ.

ಸ್ವಯಂ ಫೋಕಸ್ ಇದ್ದರೆ ಆರಿಸಿಬಿಡಿ. ಎರಡು ಯಂತ್ರಗಳೂ ತಮ್ಮ ತಮ್ಮ ಇಷ್ಟದಂತೆ ಲೆನ್ಸನ್ನು ಜರುಗಿಸುತ್ತಿದ್ದರೆ ಕಣ್ಣಿಗೆ ನೆಲೆಯೇ ಇರುವುದಿಲ್ಲ.

3. ಪರದೆಯ ಅಗಲವನ್ನು ಬೆಳಕಿಗೆ ತಕ್ಕಂತೆ ನಿರ್ಧರಿಸಿ.

ದೂರವನ್ನು ಸಂಗಮದೂರದಿಂದ ಭಾಗಿಸಿ, ಬಂದದ್ದನ್ನು ಫಿಲ್ಮಿನ ಅಗಲ 36 ಮಿ.ಮೀ.ಗೆ ಗುಣಿಸಿ. 85 ಮಿ.ಮೀ. ಲೆನ್ಸಿಗೆ ನಾಲ್ಕು ಮೀಟರ್ ದೂರದಲ್ಲಿ ಸುಮಾರು 47 ಪಟ್ಟು, ಅಂದರೆ 1.7 ಮೀಟರ್ ಅಗಲ. ಮೂರು ಮೀಟರ್ ದೂರಕ್ಕೆ ಸುಮಾರು 1.25 ಮೀಟರ್. 150 ವಾಟಿನ ಬಲ್ಬಾದರೆ ಎರಡನೆಯದರಲ್ಲೇ ತೃಪ್ತಿಪಡಿ. ಮುಂದೆ ಹೇಳುವ ಧ್ರುವೀಕರಣದ ಫಿಲ್ಟರು, ಕನ್ನಡಕ ಎರಡನ್ನೂ ದಾಟಿದ ಮೇಲೆ ಹೊರಟ ಬೆಳಕಿನ ಮೂರನೇ ಒಂದು ಪಾಲೂ ಕಣ್ಣಿಗೆ ತಲುಪುವುದಿಲ್ಲ. ಕೋಣೆ ಅಮಾವಾಸ್ಯೆಯಷ್ಟು ಕತ್ತಲಾಗಿರಲಿ.

4. ಪಕ್ಕಪಕ್ಕ ಬೇಡ, ಒಂದರ ಮೇಲೊಂದು ಇಡಿ.

ಪಕ್ಕಪಕ್ಕ ಇಟ್ಟರೆ ಎರಡು ಚಿತ್ರಗಳೂ ಒಂದೇ ಕಡೆ ಬೀಳಲು ಪ್ರೊಜೆಕ್ಟರುಗಳ ಮೂತಿಯನ್ನು ಒಳಕ್ಕೆ ತಿರುಗಿಸಬೇಕು. ಆಗ ಒಂದು ಚಿತ್ರದ ಎಡ ಅಂಚು ಹಿಗ್ಗುತ್ತದೆ, ಇನ್ನೊಂದರ ಬಲ ಅಂಚು ಹಿಗ್ಗುತ್ತದೆ. ಲೆನ್ಸುಗಳ ನಡುವೆ 25 ಸೆಂ.ಮೀ., ಪರದೆಗೆ ನಾಲ್ಕು ಮೀಟರ್ ಎಂದಿಟ್ಟುಕೊಂಡರೆ ಮೂಲೆಗಳಲ್ಲಿ ಎರಡು ಚಿತ್ರಗಳು ಮೇಲೆ-ಕೆಳಗೆ ಸುಮಾರು 7 ಮಿ.ಮೀ. ತಪ್ಪುತ್ತವೆ. ಮೇಲೆ-ಕೆಳಗಿನ ಈ ತಪ್ಪೇ ಶತ್ರು. ಎಡ-ಬಲದ ವ್ಯತ್ಯಾಸವನ್ನು ಮಿದುಳು ಆಳ ಎಂದು ಓದಿಕೊಳ್ಳುತ್ತದೆ. ಆದರೆ ಒಂದು ಕಣ್ಣು ಮೇಲಕ್ಕೆ, ಒಂದು ಕಣ್ಣು ಕೆಳಕ್ಕೆ ನೋಡುವ ಅಭ್ಯಾಸ ಮನುಷ್ಯನಿಗೆ ಹುಟ್ಟಿನಿಂದ ಇಲ್ಲ. ಆ ಹೊತ್ತಿಗೆ ಹೊಂದಿಸಿಕೊಂಡಂತೆ ಕಂಡರೂ ಹತ್ತು ನಿಮಿಷದಲ್ಲಿ ತಲೆನೋವು ಶುರು.

ಒಂದರ ಮೇಲೊಂದು ಇಟ್ಟಾಗಲೂ ಚಿತ್ರ ಸ್ವಲ್ಪ ಓರೆಯಾಗುತ್ತದೆ, ನಿಜ. ಆದರೆ ಆ ಓರೆಯ ಬಹುಪಾಲು ಅಡ್ಡಡ್ಡಕ್ಕೆ ಬೀಳುವುದರಿಂದ ಕಣ್ಣು ಸಹಿಸಿಕೊಳ್ಳುತ್ತದೆ. ಲೆನ್ಸುಗಳನ್ನು ಆದಷ್ಟು ಹತ್ತಿರ ತನ್ನಿ. ಕೆಳಗಿನ ಯಂತ್ರದ ಬಿಸಿಗಾಳಿ ಹೋಗುವ ದಾರಿ ಮಾತ್ರ ಮುಚ್ಚಬೇಡಿ.

5. ಅಟ್ಟ ಗಟ್ಟಿಯಾಗಿರಲಿ, ತಿರುಪು ಮೂರೇ ಇರಲಿ.

18 ಮಿ.ಮೀ. ಪ್ಲೈವುಡ್ಡಿನ ಎರಡಂತಸ್ತಿನ ಪೆಟ್ಟಿಗೆ ಮಾಡಿಸಿ. ಕೆಳಗಿನ ಪ್ರೊಜೆಕ್ಟರನ್ನು ಅಲುಗಾಡದಂತೆ ಕಟ್ಟಿಬಿಡಿ. ಮೇಲಿನದು ಒಂದು ಸಣ್ಣ ಹಲಗೆಯ ಮೇಲೆ, ಆ ಹಲಗೆ ಮೂರು ಉದ್ದ ಬೋಲ್ಟುಗಳ ಮೇಲೆ ನಿಲ್ಲಲಿ. ನಾಲ್ಕು ಕಾಲಿನ ಮೇಜು ಕುಂಟುತ್ತದೆ, ಮುಕ್ಕಾಲಿ ಎಂದೂ ಕುಂಟುವುದಿಲ್ಲ. ಮುಂದಿನ ಒಂದು ಬೋಲ್ಟು ತಿರುಗಿಸಿದರೆ ಚಿತ್ರ ಮೇಲೆ-ಕೆಳಗೆ ಹೋಗುತ್ತದೆ. ಹಿಂದಿನ ಎರಡರಲ್ಲಿ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದರೆ ವಾಲಿದ ಚಿತ್ರ ನೆಟ್ಟಗಾಗುತ್ತದೆ.

6. ಫಿಲ್ಟರಿನ ಅಕ್ಷವನ್ನು ನಿಮ್ಮ ಮನೆಯ ನೆಲವೇ ತೋರಿಸಿಕೊಡುತ್ತದೆ.

ಇಡೀ ಏರ್ಪಾಡಿನ ಜೀವ ಇರುವುದು ಧ್ರುವೀಕರಣದಲ್ಲಿ. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಕಂಪಿಸುತ್ತ ಬರುತ್ತದೆ. ಪೋಲರಾಯ್ಡ್ ಹಾಳೆ ಒಂದೇ ದಿಕ್ಕಿನ ಕಂಪನವನ್ನು ಬಿಟ್ಟು ಉಳಿದದ್ದನ್ನು ಹೀರಿಕೊಳ್ಳುತ್ತದೆ. ಎಡ ಚಿತ್ರದ ಬೆಳಕು ಒಂದು ಕಡೆಗೆ 45 ಡಿಗ್ರಿ ವಾಲಿ, ಬಲ ಚಿತ್ರದ್ದು ಇನ್ನೊಂದು ಕಡೆಗೆ 45 ಡಿಗ್ರಿ ವಾಲಿ ಹೊರಟರೆ ಎರಡರ ನಡುವೆ 90 ಡಿಗ್ರಿ ಆಗುತ್ತದೆ. ಕನ್ನಡಕದ ಎರಡು ಗಾಜುಗಳೂ ಹಾಗೆಯೇ ವಾಲಿರುವುದರಿಂದ ಎಡಗಣ್ಣಿಗೆ ಎಡದ್ದು, ಬಲಗಣ್ಣಿಗೆ ಬಲದ್ದು ಮಾತ್ರ ದಾಟುತ್ತದೆ. ಎಡ್ವಿನ್ ಲ್ಯಾಂಡ್ ಈ ಹಾಳೆಯನ್ನು ತಯಾರಿಸದೇ ಇದ್ದಿದ್ದರೆ ಕೋಣೆ ತುಂಬ ಜನ ಕೂತು ಬಣ್ಣದ ಆಳದ ಚಿತ್ರ ನೋಡುವುದು ಬಹಳ ಕಷ್ಟವಾಗುತ್ತಿತ್ತು.

ಗುರುತಿಲ್ಲದ ಹಾಳೆಯ ಅಕ್ಷ ತಿಳಿಯುವುದು ಹೇಗೆ? ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಇದ್ದರೆ ಅದೇ ಪ್ರಯೋಗಾಲಯ. ಕಿಟಕಿಯ ಬೆಳಕು ನೆಲದ ಮೇಲೆ ಓರೆಯಾಗಿ ಬಿದ್ದು ಮಿರುಗುವ ಕಡೆ ಹಾಳೆಯ ಮೂಲಕ ನೋಡಿ, ನಿಧಾನಕ್ಕೆ ಹಾಳೆಯನ್ನು ತಿರುಗಿಸಿ. ಮಿರುಗು ಆರಿ ನೆಲದ ಕೆಂಪು ಸ್ಪಷ್ಟವಾದ ಆ ಕ್ಷಣ ಹಾಳೆಯ ಅಕ್ಷ ನೇರ ಲಂಬವಾಗಿದೆ ಎಂದರ್ಥ, ಏಕೆಂದರೆ ಅಂಥ ಮಿರುಗಿನಲ್ಲಿ ಅಡ್ಡ ಕಂಪನವೇ ಹೆಚ್ಚು. ಪೆನ್ನಿನಿಂದ ಅಂಚಿನಲ್ಲಿ ಗೆರೆ ಎಳೆಯಿರಿ. ಅಲ್ಲಿಂದ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ. ಈ ಸರಳ ಪರೀಕ್ಷೆ ಮಾಡಿದ ದಿನ ನನಗೆ ಆದ ಸಂತೋಷ ದೊಡ್ಡದು.

ಫಿಲ್ಟರನ್ನು ಲೆನ್ಸಿಗೆ ಅಂಟಿಸಬೇಡಿ. ಹೀರಿದ ಬೆಳಕೆಲ್ಲ ಅದರೊಳಗೆ ಬಿಸಿಯಾಗುತ್ತದೆ. ನನ್ನ ಮೊದಲ ಜೋಡಿ ಹಾಳೆಯ ನಡುಭಾಗ ಒಂದೇ ಸಂಜೆಯಲ್ಲಿ ಕಂದಾಗಿ ಹೋಯಿತು. ಈಗ ಲೆನ್ಸಿನಿಂದ ಐದಾರು ಸೆಂ.ಮೀ. ಮುಂದೆ, ಗಾಳಿ ಆಡುವಂತೆ, ಬೇರೆಯದೇ ಕಂಬದ ಮೇಲೆ ನಿಲ್ಲಿಸುತ್ತೇನೆ. ಪಿ.ವಿ.ಸಿ. ಪೈಪಿನ ಜೋಡಣೆಯ ಎರಡು ಉಂಗುರಗಳು ಒಂದರೊಳಗೊಂದು ತಿರುಗುವುದರಿಂದ ಫಿಲ್ಟರಿನ ಚೌಕಟ್ಟಿಗೆ ಹೇಳಿ ಮಾಡಿಸಿದಂತಿವೆ. ಪ್ರೊಜೆಕ್ಟರಿನ ಒಳಗಿರುವ ಶಾಖ ತಡೆಯುವ ಗಾಜನ್ನು, ಬೆಳಕು ಹೆಚ್ಚಲಿ ಎಂಬ ಆಸೆಯಿಂದ, ಎಂದಿಗೂ ತೆಗೆಯಬೇಡಿ. ಖಾಲಿ ಗೇಟಿನ ಬಿಳಿ ಬೆಳಕನ್ನು ಸುಮ್ಮನೆ ಫಿಲ್ಟರಿನ ಮೇಲೆ ಸುರಿಯಲೂ ಬೇಡಿ. ಟ್ರೇಯ ಮೊದಲಿಗೂ ಕೊನೆಗೂ ಒಂದೊಂದು ಕಪ್ಪು ಸ್ಲೈಡ್ ಇರಲಿ.

7. ಬಿಳಿ ಗೋಡೆ ಕೆಲಸಕ್ಕೆ ಬಾರದು. ಕಬ್ಬಿಣದ ಗೇಟಿಗೆ ಬಳಿಯುವ ಬೆಳ್ಳಿ ಬಣ್ಣ ತನ್ನಿ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಫಿಲ್ಟರ್ ಸರಿ, ಕನ್ನಡಕ ಸರಿ, ಆದರೂ ಪ್ರತಿ ಕಣ್ಣಿಗೂ ಎರಡೂ ಚಿತ್ರ ಕಾಣುತ್ತದೆ. ಸುಣ್ಣದ ಗೋಡೆ, ಬಿಳಿ ಪಂಚೆ, ಸಾಮಾನ್ಯ ಪರದೆ, ಇವುಗಳೊಳಕ್ಕೆ ಬೆಳಕು ಹೊಕ್ಕು ಚದುರಿ ಹೊರಬರುವಾಗ ತನ್ನ ದಿಕ್ಕನ್ನು ಮರೆತಿರುತ್ತದೆ. ಲೋಹದ ಮೇಲ್ಮೈ ಮಾತ್ರ ಬಂದ ಧ್ರುವೀಕರಣವನ್ನು ಉಳಿಸಿ ಹಿಂದಿರುಗಿಸುತ್ತದೆ.

ಬೆಳ್ಳಿ ಪರದೆ ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಇಲ್ಲದವರು ನಯವಾದ ಹಾರ್ಡ್‌ಬೋರ್ಡಿಗೆ ಪ್ರೈಮರ್ ಹೊಡೆದು, ಉಜ್ಜಿ, ಅಲ್ಯುಮಿನಿಯಂ ಪೇಂಟನ್ನು ಸ್ಪ್ರೇಯಲ್ಲಿ ತೆಳುವಾಗಿ ಎರಡು ಮೂರು ಪದರ ಹಾಕಬಹುದು. ಬ್ರಷ್ಷಿನ ಗೆರೆ ಕತ್ತಲೆಯಲ್ಲಿ ಎದ್ದು ಕಾಣುತ್ತದೆ. ಮೊದಲು ಒಂದು ಚದರ ಅಡಿ ತುಂಡಿಗೆ ಬಳಿದು ಪರೀಕ್ಷಿಸಿ: ಒಂದೇ ಪ್ರೊಜೆಕ್ಟರ್ ಹಚ್ಚಿ, ಫಿಲ್ಟರ್ ಇಟ್ಟು, ಕನ್ನಡಕದ ಒಂದೊಂದೇ ಗಾಜಿನಿಂದ ನೋಡಿ. ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಬಹುತೇಕ ಕತ್ತಲೆ ಕಂಡರೆ ಗೆದ್ದಿರಿ. ಈ ಪರದೆಗೆ ಒಂದು ಮಿತಿಯೂ ಉಂಟು. ನಡುವೆ ಕೂತವರಿಗೆ ಬೆಳಗುತ್ತದೆ, ಪಕ್ಕಕ್ಕೆ ಹೋದಂತೆ ಮಂಕಾಗುತ್ತದೆ. ಹಾಗಾಗಿ ಕುರ್ಚಿಗಳನ್ನು ಅಗಲಕ್ಕೆ ಹರಡದೆ ಉದ್ದಕ್ಕೆ ಸಾಲು ಮಾಡಿ.

8. ಕನ್ನಡಕ ಕೊಳ್ಳುವಾಗ ರೇಖೀಯ ಧ್ರುವೀಕರಣದ್ದೇ ಎಂದು ಕೇಳಿ.

1984ರ 3ಡಿ ಸಿನಿಮಾ ‘ಮೈ ಡಿಯರ್ ಕುಟ್ಟಿಚಾತನ್’ ನೋಡಿದವರಿಗೆ ಟಾಕೀಸಿನ ಬಾಗಿಲಲ್ಲಿ ಕೊಟ್ಟ ಕನ್ನಡಕ ನೆನಪಿರಬಹುದು. ಈಗಿನ ಮಲ್ಟಿಪ್ಲೆಕ್ಸುಗಳಲ್ಲಿ ಹೆಚ್ಚಾಗಿ ಕಾಣುವ ಕನ್ನಡಕ ವೃತ್ತೀಯ ಧ್ರುವೀಕರಣದ್ದು, ನಮ್ಮ ಫಿಲ್ಟರಿಗೆ ಜೊತೆಯಾಗುವುದಿಲ್ಲ. ರೇಖೀಯ ಕನ್ನಡಕದಲ್ಲಿ ತಲೆ ವಾಲಿಸಿದರೆ ಒಂದರ ಚಿತ್ರ ಇನ್ನೊಂದಕ್ಕೆ ಸೋರುತ್ತದೆ. ಮಕ್ಕಳಿಗೆ ನೆಟ್ಟಗೆ ಕೂರಲು ಮೊದಲೇ ಹೇಳಿ.

9. ಎರಡು ರಿಮೋಟಿಗೆ ಒಂದೇ ಗುಂಡಿ.

ಎರಡು ಪ್ರತ್ಯೇಕ ಸಂಪರ್ಕಗಳಿರುವ ಒತ್ತುಗುಂಡಿ ತಂದು, ಒಂದನ್ನು ಮೊದಲ ಪ್ರೊಜೆಕ್ಟರಿನ ರಿಮೋಟ್ ತಂತಿಗೆ, ಇನ್ನೊಂದನ್ನು ಎರಡನೆಯದಕ್ಕೆ ಕೊಡಿ. ಎರಡು ಯಂತ್ರಗಳ ತಂತಿಗಳನ್ನು ಒಂದಕ್ಕೊಂದು ಬೆಸೆಯಬೇಡಿ. ಪ್ಲಗ್ಗೂ ಗುಂಡಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತವೆ.

10. ಬಲ್ಬುಗಳನ್ನು ಜೊತೆಯಾಗಿಯೇ ಬದಲಿಸಿ.

ಒಂದು ಹಳತಾಗಿ ಹಳದಿಗೆ ತಿರುಗಿ, ಇನ್ನೊಂದು ಹೊಸತಾಗಿ ಬೆಳ್ಳಗಿದ್ದರೆ ಚಿತ್ರ ಮಿಣುಕಿದಂತೆ ಅನಿಸುತ್ತದೆ. ಹ್ಯಾಲೊಜೆನ್ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

11. ತೆಗೆಯುವಾಗಲೇ ಮೂವತ್ತರಲ್ಲಿ ಒಂದು ಪಾಲು ನೆನಪಿಡಿ.

ಎರಡು ಚಿತ್ರಗಳ ನಡುವೆ ಕ್ಯಾಮೆರಾ ಎಷ್ಟು ಸರಿಯಬೇಕು? ಅತಿ ಹತ್ತಿರದ ವಸ್ತುವಿನ ದೂರದ ಮೂವತ್ತನೇ ಒಂದು ಪಾಲು. ಕಣ್ಣುಗಳ ನಡುವಿನ ಸುಮಾರು 65 ಮಿ.ಮೀ. ಸರಿಸಿದರೆ ಹತ್ತಿರದ ವಸ್ತು ಎರಡು ಮೀಟರ್ ಆಚೆ ಇರಬೇಕು. 60 ಸೆಂ.ಮೀ. ದೂರದ ದಾಸವಾಳಕ್ಕೆ 2 ಸೆಂ.ಮೀ. ಸಾಕು. ಹಂಪಿಯಲ್ಲಿ ಹತ್ತಿರದ ಬಂಡೆಯೇ 30 ಮೀಟರ್ ದೂರದಲ್ಲಿದ್ದರೆ ಒಂದು ಮೀಟರ್ ಸರಿಸಬಹುದು. ಆಗ ಗುಂಡುಕಲ್ಲುಗಳ ಗುಡ್ಡ ಅಂಗೈಯಲ್ಲಿಟ್ಟ ಆಟಿಕೆಯಂತೆ ಉಬ್ಬಿ ನಿಲ್ಲುತ್ತದೆ. ಕ್ಯಾಮೆರಾವನ್ನು ನೇರ ಪಕ್ಕಕ್ಕೆ ಸರಿಸಿ, ಒಳಕ್ಕೆ ತಿರುಗಿಸಬೇಡಿ.

ಒಂದೇ ಕ್ಯಾಮೆರಾದಲ್ಲಿ ಒಂದಾದ ಮೇಲೊಂದು ತೆಗೆಯುವವರಿಗೆ ಕಲ್ಲೇ ಆಪ್ತ. ಹಳೇಬೀಡಿನ ಶಿಲ್ಪ ಅಲುಗಾಡುವುದಿಲ್ಲ. ಗಾಳಿಗೆ ತೂಗುವ ಅಡಿಕೆ ತೋಟಕ್ಕೆ ಒಟ್ಟಿಗೆ ಕ್ಲಿಕ್ಕಿಸುವ ಎರಡು ಕ್ಯಾಮೆರಾ ಬೇಕು. ಸ್ಲೈಡ್ ಫಿಲ್ಮ್ ಪೂರ್ತಿ ಸತ್ತಿಲ್ಲ. ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತರೂ, 2012ರಲ್ಲಿ ನಿಂತಿದ್ದ ಎಕ್ಟಾಕ್ರೋಮ್ 2018ರಲ್ಲಿ ಮರಳಿ ಬಂದಿದೆ. ದುಬಾರಿ, ಹಾಗಾಗಿ ಪ್ರತಿ ಜೋಡಿಯನ್ನೂ ಯೋಚಿಸಿ ತೆಗೆಯಿರಿ.

12. ಅರ್ಧ ಕೆಲಸ ಇರುವುದು ಸ್ಲೈಡಿನ ಚೌಕಟ್ಟಿನಲ್ಲಿ.

ಪ್ರೊಜೆಕ್ಟರ್ ಎಷ್ಟೇ ನಿಖರವಾಗಿ ನಿಂತರೂ ಚೌಕಟ್ಟಿನೊಳಗೆ ಫಿಲ್ಮ್ ತಪ್ಪಾಗಿ ಕೂತರೆ ಎಲ್ಲ ವ್ಯರ್ಥ. 47 ಪಟ್ಟು ದೊಡ್ಡದಾಗುವಾಗ 0.2 ಮಿ.ಮೀ. ತಪ್ಪು ಪರದೆಯ ಮೇಲೆ ಒಂದು ಸೆಂ.ಮೀ.ಗೆ ಹತ್ತಿರವಾಗುತ್ತದೆ. ಲ್ಯಾಬಿನವರು ಹಾಕಿಕೊಟ್ಟ ರಟ್ಟಿನ ಚೌಕಟ್ಟಿನಲ್ಲಿ ಫಿಲ್ಮ್ ಬಿಸಿಗೆ ಉಬ್ಬುತ್ತದೆ, ಫೋಕಸ್ ಜಾರುತ್ತದೆ. ನಾನು ಪ್ರತಿ ಜೋಡಿಯನ್ನೂ ಗಾಜಿನ ಚೌಕಟ್ಟಿಗೆ ಹಾಕುತ್ತೇನೆ. ಫಿಲ್ಮಿನ ನುಣುಪು ಬದಿಗೆ ಕಾಮನಬಿಲ್ಲಿನ ಉಂಗುರ ಮೂಡದಂಥ ಒರಟು ಗಾಜು ಬರಲಿ.

ಒಂದು ಬೆಳಕಿನ ಪೆಟ್ಟಿಗೆ, ಅದರ ಮೇಲೆ ಪಾರದರ್ಶಕ ಹಾಳೆಗೆ ಮುದ್ರಿಸಿದ ಗ್ರಾಫ್, ಅಂಚಿಗೆ ಒಂದು ಉಕ್ಕಿನ ಪಟ್ಟಿ, ಕೈಯಲ್ಲಿ ಭೂತಗನ್ನಡಿ. ಎರಡು ಚೌಕಟ್ಟುಗಳನ್ನೂ ಪಟ್ಟಿಗೆ ತಾಗಿಸಿ ಅಕ್ಕಪಕ್ಕ ಇಡಿ. ಗೋಪುರದ ಕಳಶದಂಥ ಒಂದು ಚೂಪು ಬಿಂದು ಆರಿಸಿಕೊಂಡು ಎರಡರಲ್ಲೂ ಅದು ಗ್ರಾಫಿನ ಒಂದೇ ಗೆರೆಯ ಮೇಲೆ ಕೂರುವವರೆಗೆ ಫಿಲ್ಮನ್ನು ಸೂಜಿಮೊನೆಯಿಂದ ಜರುಗಿಸಿ. ಬಳಿಕ ಚಿತ್ರದ ಎಡತುದಿಯ ಒಂದು ಬಿಂದು, ಬಲತುದಿಯ ಒಂದು ಬಿಂದು ನೋಡಿ. ಅವೂ ಹೊಂದಿದರೆ ಫಿಲ್ಮ್ ವಾಲಿಲ್ಲ.

ಆಮೇಲೆ ಎಡ-ಬಲ. ಪರದೆಯ ಚೌಕಟ್ಟನ್ನು ಒಂದು ಕಿಟಕಿ ಎಂದು ಭಾವಿಸಿ. ದೃಶ್ಯ ಆ ಕಿಟಕಿಯ ಆಚೆ ಇದ್ದರೆ ಕಣ್ಣಿಗೆ ಹಿತ. ಕಿಟಕಿಯ ಅಂಚು ಕತ್ತರಿಸಿದ ಕೊಂಬೆಯೊಂದು ಈಚೆ ಬಂದು ನಿಂತರೆ ಮಿದುಳಿಗೆ ಗೊಂದಲ. ಹತ್ತಿರದ ವಸ್ತು ಎರಡು ಚಿತ್ರದಲ್ಲೂ ಚೌಕಟ್ಟಿನ ಒಂದೇ ಜಾಗದಲ್ಲಿ ಬರುವಂತೆ ಫಿಲ್ಮ್ ಸರಿಸಿ. ಆಗ ದೂರದ ಬೆಟ್ಟಗಳ ವ್ಯತ್ಯಾಸ ಫಿಲ್ಮಿನ ಮೇಲೆ 1.2 ಮಿ.ಮೀ. ಮೀರಬಾರದು. 47 ಪಟ್ಟಿಗೆ ಅದು 56 ಮಿ.ಮೀ. ಕಣ್ಣುಗಳ ಅಂತರ 65 ಮಿ.ಮೀ.ಗಿಂತ ಹೆಚ್ಚು ಸರಿದರೆ ಕಣ್ಣುಗುಡ್ಡೆಗಳು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ಕಣ್ಣಿಗೆ ಬಹಳ ಶ್ರಮ.

ಚೌಕಟ್ಟಿನ ಮೂಲೆಗೆ ‘ಎ’, ‘ಬ’ ಎಂದು ಬರೆದು ಸಂಖ್ಯೆ ಹಾಕಿ. ಎಡ-ಬಲ ಅದಲುಬದಲಾದರೆ ದೂರದ ಬೆಟ್ಟ ಮುಂದೆ ಬಂದು, ಮುಂದೆ ನಿಂತ ಮನುಷ್ಯ ಬೆಟ್ಟದಲ್ಲಿ ಕೊರೆದ ಗುಳಿಯಂತೆ ಕಾಣುತ್ತಾನೆ.

13. ಗೇಟಿನ ನಂಬಿಕೆ ಪರೀಕ್ಷಿಸಿ.

ಒಂದು ಸ್ಲೈಡನ್ನು ಹಾಕಿ, ಪರದೆಗೆ ಕಾಗದ ಅಂಟಿಸಿ, ಚಿತ್ರದ ಒಂದು ಮೂಲೆಯನ್ನು ಪೆನ್ಸಿಲಿನಿಂದ ಗುರುತಿಸಿ. ಮುಂದೆ-ಹಿಂದೆ ಹತ್ತು ಬಾರಿ ಓಡಿಸಿ ಪ್ರತಿ ಸಲ ಗುರುತು ಹಾಕಿ. ಗೇಟಿನಲ್ಲಿ 0.1 ಮಿ.ಮೀ. ಜರುಗಿದರೂ ಇಲ್ಲಿ 5 ಮಿ.ಮೀ. ಕಾಣುತ್ತದೆ. ಮೇಲೆ-ಕೆಳಗಿನ ಅಲೆದಾಟ ಅದಕ್ಕಿಂತ ಹೆಚ್ಚಿದ್ದರೆ ನಾನು ಒಪ್ಪುವುದಿಲ್ಲ. ಬಹಳ ಸಲ ಗೇಟಿನ ಸ್ಪ್ರಿಂಗಿಗೆ ಅಂಟಿದ ಹಳೆಯ ಧೂಳು ತೆಗೆದರೆ ಸರಿಹೋಗುತ್ತದೆ. ವಿದ್ಯುತ್ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.

14. ಜನ ಬರುವ ಒಂದು ಗಂಟೆ ಮೊದಲು ಗ್ರಾಫ್ ಸ್ಲೈಡ್ ಹಾಕಿ.

ಗ್ರಾಫ್ ಹಾಳೆಯನ್ನು ಸ್ಟ್ಯಾಂಡ್ ಮೇಲಿನ ಕ್ಯಾಮೆರಾದಿಂದ ಅಲುಗಾಡಿಸದೆ ಎರಡು ಸಲ ತೆಗೆದು ಜೋಡಿ ಮಾಡಿಟ್ಟುಕೊಳ್ಳಿ. ಎರಡೂ ಯಂತ್ರ ಇಪ್ಪತ್ತು ನಿಮಿಷ ಬಿಸಿಯಾಗಲಿ, ತಣ್ಣಗಿದ್ದಾಗ ಹೊಂದಿಸಿದ್ದು ಬಿಸಿಯಾದ ಮೇಲೆ ಜರುಗಬಹುದು. ಈಗ ಕನ್ನಡಕ ಇಲ್ಲದೆ ನೋಡುತ್ತ ಬೋಲ್ಟು ತಿರುಗಿಸಿ, ಎರಡು ಗ್ರಾಫುಗಳು ಒಂದಾಗಲಿ. ನಡುವೆ ಮಾತ್ರ ನೋಡಿ ನಿಲ್ಲಿಸಬೇಡಿ, ನಾಲ್ಕು ಮೂಲೆಗೂ ಹೋಗಿ ಬನ್ನಿ. ನಂತರ ಮೊದಲ ನಿಜ ಸ್ಲೈಡ್ ಹಾಕಿ, ಮತ್ತೆ ಕನ್ನಡಕ ಇಲ್ಲದೆ: ಹತ್ತಿರದ್ದು ಒಂದಾಗಿ, ದೂರದ್ದು ಅಡ್ಡಕ್ಕೆ ಎರಡಾಗಿ ಕಾಣಬೇಕು. ಕೊನೆಗೆ ಕನ್ನಡಕ ಹಾಕಿ ಒಂದು ಕಣ್ಣು ಮುಚ್ಚಿ, ಎಡ ಚಿತ್ರದ ಪ್ರೊಜೆಕ್ಟರಿನ ಮುಂದೆ ಕೈ ಅಡ್ಡ ಹಿಡಿದಾಗ ಎಡಗಣ್ಣಿಗೆ ಕತ್ತಲಾಗುವುದೇ ಎಂದು ಖಚಿತಪಡಿಸಿಕೊಳ್ಳಿ. ಪರದೆಯ ಪ್ರತಿಫಲನವನ್ನೇ ನೋಡಿ ಪರೀಕ್ಷಿಸಬೇಕು. ಕನ್ನಡಕ ಹಾಕಿ ನೇರವಾಗಿ ಪ್ರೊಜೆಕ್ಟರಿನ ಕಡೆ ತಿರುಗಿದರೆ ವಾಲಿನ ದಿಕ್ಕು ತಲೆಕೆಳಗಾಗಿ ಉಲ್ಟಾ ಉತ್ತರ ಬರುತ್ತದೆ.

15. ನಲವತ್ತು ಜೋಡಿ ಸಾಕು.

ಮೊದಲ ಐದಾರು ಸ್ಲೈಡುಗಳಲ್ಲಿ ಆಳ ಹಿತಮಿತವಾಗಿರಲಿ: ಒಂದು ಜಗಲಿ, ಒಂದು ಬಾವಿಕಟ್ಟೆ. ಕಣ್ಣು ಪಳಗಿದ ಮೇಲೆ ಹಂಪಿಯ ಬಂಡೆ ತೋರಿಸಿ. ಪ್ರತಿ ಚಿತ್ರಕ್ಕೂ ಇಪ್ಪತ್ತು ಸೆಕೆಂಡಾದರೂ ಕೊಡಿ. ಸ್ಟೀರಿಯೊ ಚಿತ್ರದಲ್ಲಿ ಕಣ್ಣು ಮುಂದಿನಿಂದ ಹಿಂದಕ್ಕೆ ನಡೆದುಹೋಗಬೇಕು, ಅದಕ್ಕೆ ಹೊತ್ತು ಬೇಕು.

16. ಮಳೆಗಾಲಕ್ಕೆ ಮುಂಚೆ ಎಲ್ಲ ಮುಚ್ಚಿಡಿ.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಗಾಜಿನ ಚೌಕಟ್ಟಿನೊಳಗೆ ತೇವ ಸಿಕ್ಕಿಕೊಂಡರೆ ಫಿಲ್ಮಿನ ಮೇಲೆ ಬೂಷ್ಟು ಬಲೆ ಹೆಣೆಯುತ್ತದೆ. ಚೌಕಟ್ಟು ಹಾಕುವ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗಿನ ಒಣ ದಿನಗಳಲ್ಲಿ ಮುಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅದರ ಕಾಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಫಿಲ್ಟರುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ‘ಎ’, ‘ಬ’ ಎಂದೂ, ನೀವು ಎಳೆದ ಲಂಬ ಗೆರೆ ಯಾವ ಕಡೆಗಿದೆ ಎಂದೂ ಬರೆದಿಡಿ. ಡಿಸೆಂಬರಿನಲ್ಲಿ ಮತ್ತೆ ತೆಗೆಯುವಾಗ ಪೆಟ್ಟಿಗೆಯ ಮೂರೂ ಬೋಲ್ಟುಗಳನ್ನು ಹೋದ ಸಲ ನಿಲ್ಲಿಸಿದ ಗುರುತಿಗೇ ತಂದು, ಮೊದಲು ಗ್ರಾಫ್ ಸ್ಲೈಡನ್ನೇ ಹಚ್ಚಿ.